ದೇಶ ಸುತ್ತು ಎಂದದ್ದು ಯಾರಿಗೆ?

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ನುಡಿ. ಈ ಮಾತಿನಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಆದರೆ ಆಚರಣೆಗೆ ಬಂದಾಗ ಗಾದೆಯನ್ನು ಎರಡು ಪಾಲು ಮಾಡಿ ಹಂಚಿದಂತೆ ಕಾಣುತ್ತದೆ. ಕೋಶ ಓದಲು ಹೆಣ್ಣುಮಕ್ಕಳಿಗೆ ಈಗ ಯಾರ ಅಡ್ಡಿಯೂ ಇಲ್ಲ. ದೇಶ ಸುತ್ತುವ ಪಾಲು ಮಾತ್ರ ಇನ್ನೂ ಅಣ್ಣತಮ್ಮಂದಿರ ಹೆಸರಿನಲ್ಲಿಯೇ ಇದೆ. ಹೀಗೇಕೆ ಎಂದು ಕೇಳುವುದೇ ಈ ಲೇಖನದ ಉದ್ದೇಶ.

ಮಲೆನಾಡಿನ ಹೆಂಗಸರು ಒಬ್ಬರೇ ವಿದೇಶಕ್ಕೆ ಹೋಗುವುದಿಲ್ಲ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಮನೆಮನೆಗಳಲ್ಲಿ ವಿಚಾರಿಸಿ ನೋಡಿರಿ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಬಂದ ಅಮ್ಮಂದಿರು ಎಷ್ಟು ಮಂದಿ ಸಿಗುತ್ತಾರೆ! ನನ್ನ ದೊಡ್ಡಮ್ಮನೇ ಹಾಗೆ ಹೋದವರು. ಕನ್ನಡವಲ್ಲದೆ ಬೇರೆ ಭಾಷೆ ಬಾರದು. ಅದುವರೆಗೆ ಶಿವಮೊಗ್ಗೆಯ ಆಸ್ಪತ್ರೆಗೂ ಒಬ್ಬರೇ ಹೋದವರಲ್ಲ. ಬಾಣಂತಿ ಲೇಹ್ಯ, ಮೆಂತ್ಯದ ಹಿಟ್ಟು, ಅಪ್ಪೆಮಿಡಿ ಉಪ್ಪಿನಕಾಯಿಗಳನ್ನು ಕಟ್ಟಿಕೊಂಡು, ಅಳಿಯ ಇಂಗ್ಲಿಷಿನಲ್ಲಿ ಬರೆದು ಕಳುಹಿಸಿದ ಚೀಟಿಯನ್ನು ಕೈಯಲ್ಲಿ ಹಿಡಿದು, ನಡುವೆ ವಿಮಾನ ಬದಲಿಸಿ ಭೂಮಿಯ ಆಚೆ ಬದಿಯನ್ನು ಮುಟ್ಟಿದರು. "ಏನೂ ಕಷ್ಟ ಇಲ್ಲ ಮಾರಾಯ್ತಿ, ಚೀಟಿ ತೋರಿಸಿದ್ರೆ ಎಲ್ರೂ ದಾರಿ ಹೇಳ್ತಾರೆ" ಎಂದು ಅವರು ಈಗಲೂ ನಗುತ್ತಾರೆ. ನರ್ಸಿಂಗ್ ಓದಿ ಕೆಲಸಕ್ಕಾಗಿ ಗಲ್ಫ್ ದೇಶಗಳಿಗೆ ಒಬ್ಬರೇ ಹೋದ ಅಕ್ಕಂದಿರಿದ್ದಾರೆ. ಮದುವೆಯಾದ ಕೆಲವು ತಿಂಗಳಿಗೆ ಗಂಡನಿರುವ ದೇಶಕ್ಕೆ ಒಬ್ಬರೇ ವಿಮಾನ ಹತ್ತಿದ ಸೊಸೆಯಂದಿರಿದ್ದಾರೆ.

ಹಾಗಾದರೆ ಹೆಣ್ಣು ಒಬ್ಬಳೇ ಕಡಲು ದಾಟುವುದು ನಮ್ಮವರಿಗೆ ಒಪ್ಪಿಗೆಯೇ. ಬಾಣಂತನಕ್ಕಾದರೆ ಅದು ಕರ್ತವ್ಯ, ಸಂಬಳಕ್ಕಾದರೆ ಧೈರ್ಯ, ಗಂಡನ ಬಳಿಗಾದರೆ ಭಾಗ್ಯ. ಸುಮ್ಮನೆ ನೋಡಿ ಬರಲು ಹೋಗುತ್ತೇನೆ ಎಂದರೆ ಮಾತ್ರ ಅದು ಉಡಾಫೆ! ವಿಮಾನ ಅದೇ, ದೂರ ಅದೇ, ಅಪಾಯವೂ ಅದೇ. ಬದಲಾದದ್ದು ಉದ್ದೇಶ ಒಂದೇ: ಹೆಣ್ಣು ತನಗಾಗಿ ಹೊರಟಿದ್ದಾಳೆ ಎಂಬುದು.

ನಾನು ಈ ವರ್ಷ ಪದವಿ ಮುಗಿಸಿ ನೇಪಾಳದ ಲುಂಬಿನಿಯನ್ನು ನೋಡಿ ಬರಬೇಕೆಂದು ಮನೆಯಲ್ಲಿ ಹೇಳಿದೆ. ಅಪ್ಪಯ್ಯ ಎಷ್ಟು ಖರ್ಚು ಎಂದು ಕೇಳಲಿಲ್ಲ, ಅಲ್ಲಿ ಏನಿದೆ ಎಂದೂ ಕೇಳಲಿಲ್ಲ. "ಯಾರ ಜೊತೆ?" ಎಂದರು. ಅಡಿಕೆ ಕೊಯ್ಲು ಮುಗಿಯಲಿ, ಆಮೇಲೆ ಮಾತಾಡುವ ಎಂದರು. ಕೊಯ್ಲು ಮುಗಿದಿದೆ, ಮಾತು ಇನ್ನೂ ಆಗಿಲ್ಲ. ಅವರು ಕೇಳದ ಪ್ರಶ್ನೆಗಳಿಗೆ ನಾನು ಇಲ್ಲಿ ಉತ್ತರ ಬರೆಯುತ್ತಿದ್ದೇನೆ.

ವಿದೇಶ ಪ್ರವಾಸವೆಂದರೆ ಲಕ್ಷಗಟ್ಟಲೆ ಹಣವೆಂಬುದು ಅರ್ಧ ಸತ್ಯ. ಬೆಂಗಳೂರಿನಿಂದ ಗೋರಖಪುರಕ್ಕೆ ನೇರ ರೈಲು ಇದೆ. ಸುಮಾರು ಎರಡು ದಿನಗಳ ಪ್ರಯಾಣ. ಅಲ್ಲಿಂದ ಸುಮಾರು 100 ಕಿಲೋಮೀಟರು ಬಸ್ಸಿನಲ್ಲಿ ಹೋದರೆ ಸೋನೌಲಿ ಎಂಬ ಗಡಿ ಊರು. ಗಡಿಯ ಕಮಾನನ್ನು ಕಾಲ್ನಡಿಗೆಯಲ್ಲಿಯೇ ದಾಟಬಹುದು. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲದಿದ್ದರೆ ಮತದಾರರ ಗುರುತಿನ ಚೀಟಿ ಸಾಕು. ನಮ್ಮ 100 ರೂಪಾಯಿಗೆ ಅಲ್ಲಿಯ 160 ರೂಪಾಯಿ ಎಂಬ ದರ 1993ರಿಂದ ಬದಲಾಗಿಲ್ಲ. ಲುಂಬಿನಿಯ ಕೆಲವು ವಿಹಾರಗಳಲ್ಲಿ ಯಾತ್ರಿಕರಿಗೆ ತಂಗಲು ಸ್ಥಳವೂ ಸಿಗುತ್ತದೆ.

ಅಲ್ಲಿ ನೋಡುವುದೇನು? ಬುದ್ಧನು ಇಲ್ಲಿ ಹುಟ್ಟಿದನೆಂದು, ಆದ್ದರಿಂದ ಈ ಊರಿನ ಕಂದಾಯವನ್ನು ಇಳಿಸಿದೆನೆಂದು ಅಶೋಕನು ಕೊರೆಸಿದ ಕಂಬವಿದೆ. ನಮ್ಮ ಬ್ರಹ್ಮಗಿರಿಯಲ್ಲಿಯೂ ಮಸ್ಕಿಯಲ್ಲಿಯೂ ಬಂಡೆಯ ಮೇಲೆ ಬರೆಸಿದ ಅದೇ ಅಶೋಕ. ಅಲ್ಲಿರುವ ಗುಡಿ ಬುದ್ಧನ ತಾಯಿ ಮಾಯಾದೇವಿಯದು. ತುಂಬು ಗರ್ಭಿಣಿ ಹೆರಿಗೆಗೆಂದು ತವರಿಗೆ ಹೊರಟು, ದಾರಿಯ ಮರದಡಿಯಲ್ಲಿ ಹೆತ್ತಳೆಂದು ಕಥೆ. ಬಾಣಂತನದ ಪ್ರಯಾಣ ಎಷ್ಟು ಹಳೆಯದು, ನೋಡಿರಿ!

ಇನ್ನು ಕಾನೂನಿನ ಮಾತು. ವಿದೇಶಕ್ಕೆ ಹೋಗುವುದು ಸಂವಿಧಾನದ 21ನೆಯ ವಿಧಿ ಕೊಟ್ಟ ವೈಯಕ್ತಿಕ ಸ್ವಾತಂತ್ರ್ಯದೊಳಗೆ ಸೇರಿದ್ದೆಂದು ಸರ್ವೋಚ್ಚ ನ್ಯಾಯಾಲಯ 1967ರಲ್ಲಿಯೇ ತೀರ್ಪಿತ್ತಿತು. 1978ರಲ್ಲಿ ಆ ಹಕ್ಕನ್ನು ಇನ್ನಷ್ಟು ವಿಶಾಲಗೊಳಿಸಿದ ಮೊಕದ್ದಮೆ ಹೂಡಿದವರು ಒಬ್ಬ ಮಹಿಳೆ, ಮೇನಕಾ ಗಾಂಧಿ. ಹದಿನೆಂಟು ತುಂಬಿದ ಹೆಣ್ಣುಮಗಳು ಪಾಸ್‌ಪೋರ್ಟಿಗೆ ತಂದೆಯ ಅಥವಾ ಗಂಡನ ಒಪ್ಪಿಗೆ ಪತ್ರ ತರಬೇಕಾಗಿಲ್ಲ. ಶುಲ್ಕ 1,500 ರೂಪಾಯಿ. ಹತ್ತು ವರ್ಷ ನಡೆಯುತ್ತದೆ. ಸರಕಾರ ಕೇಳದ ಒಪ್ಪಿಗೆಯನ್ನು ಊರು ಕೇಳುತ್ತಿದೆ.

ಮೇಲ್ಪಂಕ್ತಿ ಇಲ್ಲವೇ? ಇದೆ. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ವಿಧವೆಯಾದ ಕಮಲಾದೇವಿ ಚಟ್ಟೋಪಾಧ್ಯಾಯರು 1929ರಲ್ಲಿ ಬರ್ಲಿನ್ನಿನ ಮಹಿಳಾ ಸಮ್ಮೇಳನಕ್ಕೆ ಹೋದರು; ಮುಂದೆ ಅಮೆರಿಕ, ಚೀನಾ, ಜಪಾನುಗಳನ್ನೂ ಕಂಡರು. ನಮ್ಮ ಕಾಲದಲ್ಲಿ, ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ಇಂಜಿನಿಯರಾಗಿ ದುಡಿದ ನೇಮಿಚಂದ್ರ ಅವರು ದಕ್ಷಿಣ ಅಮೆರಿಕಕ್ಕೆ ಹೋಗಿ 'ಪೆರುವಿನ ಪವಿತ್ರ ಕಣಿವೆಯಲ್ಲಿ' ಎಂಬ ಪುಸ್ತಕ ಬರೆದರು. ಪ್ರವಾಸ ಸಾಹಿತ್ಯವೆಂದರೆ ಕಾರಂತರು, ಗೊರೂರರು ಎಂದು ಪರೀಕ್ಷೆಯಲ್ಲಿ ಬರೆಯುವ ನಾವು ಈ ಪುಸ್ತಕವನ್ನೂ ಓದಬೇಕು.

ನಮ್ಮ ಶೃಂಗೇರಿಯ ಕಥೆಯೂ ಒಂದಿದೆ. ಉಭಯಭಾರತಿಯು ಶಂಕರಾಚಾರ್ಯರ ಹಿಂದೆ ನಡೆದು ಬರಲು ಒಪ್ಪಿದಳು. ಆದರೆ ಹಿಂದಿರುಗಿ ನೋಡಬಾರದೆಂದು ಷರತ್ತು ಹಾಕಿದಳು. ತುಂಗೆಯ ಮರಳಿನಲ್ಲಿ ಗೆಜ್ಜೆಯ ದನಿ ನಿಂತಿತು, ಆಚಾರ್ಯರು ತಿರುಗಿದರು, ಆಕೆ ಶಾರದೆಯಾಗಿ ಅಲ್ಲಿಯೇ ನೆಲೆಸಿದಳು. ಅದು ನಮ್ಮ ಸೀಮೆಯ ಪುಣ್ಯ. ಆದರೆ ಆ ಷರತ್ತನ್ನು ನಾನು ಮರೆಯಲಾರೆ. ದಾರಿ ನಡೆಯುವ ಹೆಣ್ಣು ಕೇಳಿದ್ದು ಕಾವಲನ್ನಲ್ಲ, ನಂಬಿಕೆಯನ್ನು.

ಅಪಾಯವೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಹಿರಿಯರ ಭಯ ಸುಳ್ಳಲ್ಲ. ಅಲ್ಲದೆ ಕಡಿಮೆ ಖರ್ಚಿನ ಪ್ರವಾಸ ಹೆಣ್ಣಿಗೆ ಹೆಚ್ಚು ಖರ್ಚಿನದು. ಗಂಡಸು ರೈಲ್ವೆ ಪ್ಲಾಟ್‌ಫಾರಂ ಮೇಲೆ ಟವೆಲು ಹಾಸಿ ಮಲಗಿ ರಾತ್ರಿಯ ಬಾಡಿಗೆ ಉಳಿಸಬಲ್ಲ. ನಾವು ಭದ್ರವಾದ ಕೋಣೆಗೆ ಹಣ ತೆರಲೇಬೇಕು. ಕತ್ತಲಾದ ಮೇಲೆ ಹೊಸ ಊರಿಗೆ ತಲಪದಂತೆ ಲೆಕ್ಕ ಹಾಕಬೇಕು. ಆದರೆ ಇವೆಲ್ಲ ಕಲಿಯಬಹುದಾದ ವಿದ್ಯೆಗಳು. ದೂರದ ರೈಲುಗಳ ಸ್ಲೀಪರ್ ಬೋಗಿಗಳಲ್ಲಿ ಮಹಿಳೆಯರಿಗೆಂದು ಆರು ಬರ್ತುಗಳನ್ನು ಕಾದಿರಿಸುತ್ತಾರೆ. ಅದಕ್ಕೆ ವಯಸ್ಸಿನ ಕಟ್ಟಿಲ್ಲ, ಒಬ್ಬಳೇ ಹೋಗುವವಳಿಗೂ ಸಿಗುತ್ತದೆ. ಇದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಮನೆಯಲ್ಲಿಯೇ ಕೂತವಳಿಗೆ ಎಚ್ಚರ ಬರುವುದು ಹೇಗೆ?

ಈ ವಿದ್ಯೆಯ ಮೊದಲ ಪಾಠ ನಮ್ಮೂರ ಬಸ್ಸಿನಲ್ಲಿಯೇ ಆಗುತ್ತದೆ. ಕಂಪನಿ ನಿಂತುಹೋದಾಗ ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆ, ಹಳ್ಳಿಹಳ್ಳಿಯ ಹುಡುಗಿಯರನ್ನು ರಿಯಾಯಿತಿ ಪಾಸಿನಲ್ಲಿ ಹೈಸ್ಕೂಲಿಗೂ ಕಾಲೇಜಿಗೂ ಮುಟ್ಟಿಸಿತು. 2020ರಲ್ಲಿ ಅದು ನಿಂತಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರಕಾರಿ ಬಸ್ಸುಗಳಲ್ಲಿ ನಮಗೆ ಟಿಕೆಟಿನ ಹಣ ಬೇಡವಾಯಿತು. ನಮ್ಮ ಕಡೆ ಖಾಸಗಿ ಬಸ್ಸುಗಳೇ ಹೆಚ್ಚಾದ್ದರಿಂದ ಅದರ ಫಲ ಪೂರ್ತಿ ದಕ್ಕಿಲ್ಲ. ಆದರೂ ಕೇಳುತ್ತೇನೆ: ಪರೀಕ್ಷೆ, ಮದುವೆ, ಆಸ್ಪತ್ರೆಗಳ ನೆಪವಿಲ್ಲದೆ, ಹರಿಹರಪುರದ ದಾರಿಯಾಗಿ ಶೃಂಗೇರಿಗೆ ಹೋಗಿ, ತುಂಗೆಯ ಮೆಟ್ಟಿಲ ಮೇಲೆ ಒಂದು ಗಂಟೆ ಒಬ್ಬಳೇ ಕೂತು ಬಂದವರು ನಮ್ಮ ತರಗತಿಯಲ್ಲಿ ಎಷ್ಟು ಮಂದಿ?

ಆದ್ದರಿಂದ ಅಧ್ಯಾಪಕರಲ್ಲಿ ನನ್ನ ಬಿನ್ನಹವಿಷ್ಟು. ಪ್ರತಿವರ್ಷದ ಶೈಕ್ಷಣಿಕ ಪ್ರವಾಸದಲ್ಲಿ ಊಟ ವಸತಿಯ ವ್ಯವಸ್ಥೆಯನ್ನೆಲ್ಲ ತಾವೇ ಮಾಡಬೇಡಿರಿ. ರೈಲಿನ ಟಿಕೆಟು ಕಾದಿರಿಸುವುದು, ವಸತಿ ವಿಚಾರಿಸುವುದು, ಲೆಕ್ಕ ಬರೆಯುವುದು, ಇವನ್ನು ವಿದ್ಯಾರ್ಥಿನಿಯರಿಗೆ ವಹಿಸಿರಿ. ಅಂತಿಮ ವರ್ಷದವರಿಗೆ ಒಂದು ಮಧ್ಯಾಹ್ನ ಪಾಸ್‌ಪೋರ್ಟ್ ಅರ್ಜಿ ತುಂಬುವುದನ್ನು ಕಲಿಸಿರಿ. ಸಹಪಾಠಿ ಸೋದರರಲ್ಲಿಯೂ ಒಂದು ಮಾತು: ಮನೆಯಲ್ಲಿ ತಂಗಿಯೋ ಅಕ್ಕನೋ ಎಲ್ಲಿಗಾದರೂ ಹೋಗುತ್ತೇನೆಂದಾಗ, "ಯಾರ ಜೊತೆ?" ಎಂಬ ಪ್ರಶ್ನೆಗಿಂತ ಮೊದಲು "ಏನು ನೋಡುತ್ತೀ?" ಎಂದು ಕೇಳಿರಿ. ಆ ಪ್ರಶ್ನೆಗೆ ಉತ್ತರ ಹೇಳಲು ನಾವು ಸಿದ್ಧರಿದ್ದೇವೆ.