ಮಳೆಯ ಲೆಕ್ಕ ಮಕ್ಕಳಿಗೆ ಕಲಿಸಿ



ಪೇಟೆಯಲ್ಲಿ ಅಡಿಕೆ ತೂಗುವಾಗ ತಕ್ಕಡಿಯ ಮೇಲೆ ಕಣ್ಣಿಡುತ್ತೀರಿ. ಸೊಸೈಟಿ ಸಾಲದ ಬಡ್ಡಿಯನ್ನು ಎರಡು ಸಲ ಕೂಡಿಸಿ ನೋಡುತ್ತೀರಿ. ಆದರೆ ನಿನ್ನೆ ತೋಟಕ್ಕೆ ಎಷ್ಟು ಮಳೆ ಬಿತ್ತು ಅಂತ ಕೇಳಿದರೆ, "ಜೋರು ಬಂತು ಮಾರಾಯ್ರೆ" ಅಂತೀರಿ. ಈ 'ಜೋರು' ಯಾವ ಕಚೇರಿಯ ಲೆಕ್ಕಕ್ಕೂ ಬರುವುದಿಲ್ಲ.

ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಗೆ ನಾವು ವಿಮಾ ಮೊತ್ತದ ಶೇ. 5ರಷ್ಟು ಕಂತು ಕಟ್ಟುತ್ತೇವೆ. ಪರಿಹಾರ ಕೊಡುವಾಗ ಯಾರೂ ತೋಟಕ್ಕೆ ಬಂದು ಉದುರಿದ ಕಾಯಿ ಎಣಿಸುವುದಿಲ್ಲ. ಮಾಪಕದ ಅಂಕಿಯೇ ತೀರ್ಪು. ಮಾಪಕ ಕೆಟ್ಟು ನಿಂತರೆ ಪ್ರಶ್ನೆ ಮಾಡಲು ನಮ್ಮ ಕೈಯಲ್ಲಿ ಎಂತ ಇದೆ?

ಆದ್ದರಿಂದ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಪ್ರತಿ ಹೈಸ್ಕೂಲಿನಲ್ಲೂ ಒಂದು ಮಳೆಮಾಪಕ, ಒಂದು ರಿಜಿಸ್ಟರ್ ಇರಲಿ. ಹವಾಮಾನ ಇಲಾಖೆ ಅಳೆಯುವ ಬೆಳಿಗ್ಗೆ 8.30ಕ್ಕೇ ಮಕ್ಕಳು ಸರದಿಯಂತೆ ಅಳೆದು ಬರೆಯಲಿ. ಒಂದು ಮಿ.ಮೀ. ಅಂದರೆ ಚದರ ಮೀಟರಿಗೆ ಒಂದು ಲೀಟರ್, 100 ಮಿ.ಮೀ. ಬಿದ್ದರೆ ಎಕರೆಗೆ ನಾಲ್ಕು ಲಕ್ಷ ಲೀಟರ್. ಇದು ಗಣಿತವೂ ಹೌದು, ಬೇಸಾಯವೂ ಹೌದು.

'ಅಲರ್ಟ್' ಅಂದ ಕೂಡಲೇ ಮಕ್ಕಳು ಕೇಳುವುದು ರಜೆ ಉಂಟಾ ಅಂತ. 24 ಗಂಟೆಯಲ್ಲಿ 64.5 ಮಿ.ಮೀ. ಆದರೆ ಭಾರೀ ಮಳೆ, 115.6 ಆದರೆ ಅತಿ ಭಾರೀ, 204.4 ದಾಟಿದರೆ ಅದಕ್ಕೂ ಮೇಲಿನದ್ದು ಅಂತ ಅವರಿಗೆ ಗೊತ್ತಿರಲಿ. ಮುನ್ಸೂಚನೆ ವಾಗ್ದಾನವಲ್ಲ, ಸಾಧ್ಯತೆ. ಅದನ್ನು ಓದಲು ಬಂದರೆ, ಬೋರ್ಡೋ ಹೊಡೆದ ದಿನವೇ ಮಳೆ ಸುರಿದು ಮೈಲುತುತ್ತಿನ ದುಡ್ಡು, ಕೊನೆಗಾರನ ಕೂಲಿ ತೊಳೆದು ಹೋಗುವುದು ಕಡಿಮೆಯಾದೀತು.

ಆರಿದ್ರ, ಮಖೆ ಅಂತ ಹಿರಿಯರು ಇಟ್ಟ ಲೆಕ್ಕ ಸುಳ್ಳಲ್ಲ. ತಲೆಮಾರುಗಳು ನೋಡಿ ಕಂಡದ್ದು. ಆದರೆ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7 ಹೆಚ್ಚು ನೀರಾವಿ ಹಿಡಿಯುತ್ತದೆ. ಸುರಿದರೆ ಒಮ್ಮೆಗೇ ಸುರಿಯುತ್ತದೆ. 2020ರ ಸೆಪ್ಟೆಂಬರಿನ ಉಡುಪಿಯ ನೆರೆ ಮರೆತಿಲ್ಲ ತಾನೇ? ಹಾಗಂತ ಒಂದು ನೆರೆ ನೋಡಿ ಹವಾಮಾನವೇ ಬದಲಾಯಿತು ಅನ್ನಲಾಗದು. ಅದಕ್ಕೆ ಮೂವತ್ತು ವರ್ಷದ ಅಂಕಿ ಬೇಕು. ಆ ಅಂಕಿ ನಮ್ಮೂರಿನದ್ದೂ ಇರಲಿ.

ಶಾಲೆಯ ರಿಜಿಸ್ಟರನ್ನು ವಿಮಾ ಕಂಪನಿ ಒಪ್ಪಬೇಕೆಂದಿಲ್ಲ. ಆದರೆ ಎರಡು ಲೆಕ್ಕ ಪಕ್ಕಪಕ್ಕ ಇಟ್ಟು "ಇದು ಯಾಕೆ ಹೀಗೆ?" ಅಂತ ಕೇಳಬಹುದು. ಬರಿಗೈಯವನ ಪ್ರಶ್ನೆಗೆ ಯಾರೂ ಉತ್ತರ ಕೊಡುವುದಿಲ್ಲ.

"ಮಕ್ಕಳು ಬೆಂಗಳೂರಿಗೆ ಹೋಗುವವರು, ಇದೆಲ್ಲ ಎಂತಕ್ಕೆ?" ಅನ್ನಬೇಡಿ. ಅವರು ಹೋದರೂ ಗದ್ದೆ ಇಲ್ಲೇ ಇರುತ್ತದೆ, ಸಾಲದ ಪತ್ರವೂ ಇಲ್ಲೇ ಇರುತ್ತದೆ. ಮುಂದಿನ ಶಾಲಾಭಿವೃದ್ಧಿ ಸಮಿತಿ ಸಭೆಗೆ ಹೋಗಿ ಈ ಮಾತು ಎತ್ತಿ. ಜೂನ್ ಒಂದಕ್ಕೆ ಮೊದಲು ಮಾಪಕ ನೆಟ್ಟಿರಬೇಕು.