'ಗಂಟು ಐತೇನು?' ಅಂತ ಕೇಳಿದರೆ ತಪಾಸಣೆ ಆದಂತಲ್ಲ

ಮಧ್ಯಾಹ್ನದ ಹೊತ್ತು. ಕಟ್ಟೆ ಮೇಲೆ ಮಾವ ಕೂತಿದ್ದಾರೆ, ಅಂಗಳದಲ್ಲಿ ಮೈದುನ ಬೈಕ್ ತೊಳೆಯುತ್ತಿದ್ದಾನೆ. ಆಶಾ ಕಾರ್ಯಕರ್ತೆ ಫಾರಂ ಹಿಡಿದು ಬಾಗಿಲಲ್ಲಿ ನಿಂತು ಕೇಳುತ್ತಾರೆ: "ಯಕ್ಕಾ, ಎದಿಯಾಗ ಗಂಟು ಏನರ ಐತೇನು?" ಸೊಸೆ ಸೆರಗು ಸರಿಮಾಡಿಕೊಂಡು "ಇಲ್ಲವ್ವಾ" ಅನ್ನುತ್ತಾಳೆ. ಫಾರಂನಲ್ಲಿ 'ಇಲ್ಲ' ಎಂದು ಬೀಳುತ್ತದೆ. ಮುಂದಿನ ಮನೆ.

ಇದನ್ನು ನಾವು ಹಲವು ಊರುಗಳಲ್ಲಿ ನೋಡಿದ್ದೇವೆ, ನಮ್ಮ ಮನೆಗಳಲ್ಲೂ ನೋಡಿದ್ದೇವೆ. ಮಾವನ ಎದುರು ಯಾವ ಸೊಸೆ 'ಐತಿ' ಅಂದಾಳು?

ತಪ್ಪು ಆಶಾ ಅಕ್ಕಂದಿರದಲ್ಲ. ಪ್ರಶ್ನೆ ಕೇಳಿ ಫಾರಂ ತುಂಬುವುದಷ್ಟೇ ಅವರಿಗೆ ಕೊಟ್ಟ ಕೆಲಸ. ನಿಯಮದ ಪ್ರಕಾರ 30 ವರ್ಷ ದಾಟಿದ ಹೆಂಗಸರಿಗೆ ಆಮೇಲೆ ಉಪಕೇಂದ್ರದಲ್ಲೋ ಪಿಎಚ್‌ಸಿಯಲ್ಲೋ ತರಬೇತಿ ಪಡೆದ ಸಿಸ್ಟರ್ ಕೈಯಿಂದ ಮುಟ್ಟಿ ಪರೀಕ್ಷೆ ಮಾಡಬೇಕು. ಐದು ವರ್ಷಕ್ಕೊಮ್ಮೆ ಆದರೂ ಇದು ಆಗಬೇಕು. ಫಾರಂನಲ್ಲಿ 'ಇಲ್ಲ' ಅಂದವರಿಗೂ ಆಗಬೇಕು. ಯಾಕೆಂದರೆ ಶುರುವಿನಲ್ಲಿ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ನೋಯದ್ದು ಇದೆ ಅಂತ ಎಷ್ಟೋ ಸಲ ಅವಳಿಗೇ ಗೊತ್ತಿರುವುದಿಲ್ಲ. ಬಾಗಿಲಲ್ಲಿ ಕೇಳಿದ ಪ್ರಶ್ನೆಯನ್ನೇ ತಪಾಸಣೆ ಎಂದು ಲೆಕ್ಕ ಹಾಕಿದರೆ ಅದು ಕಾಗದದ ಲೆಕ್ಕ ಅಷ್ಟೇ.

'ಕೈಯಿಂದ ಮುಟ್ಟಿದರೆ ಏನು ಗೊತ್ತಾಗುತ್ತದೆ, ಮಷಿನ್ ಬೇಕಲ್ಲವೇ?' ಎಂದು ಕೇಳುವವರಿದ್ದಾರೆ. ಅವರಿಗೆ ಮುಂಬೈಯ ಉದಾಹರಣೆ ಹೇಳಬೇಕು. ಅಲ್ಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿ ಅಧ್ಯಯನ ಶುರು ಮಾಡಿದರು. ಒಂದು ಗುಂಪಿಗೆ ಎರಡು ವರ್ಷಕ್ಕೊಮ್ಮೆ ಕೈ ಪರೀಕ್ಷೆ. ಮಾಡಿದವರು ಡಾಕ್ಟರಲ್ಲ, ತರಬೇತಿ ಕೊಟ್ಟ ಆರೋಗ್ಯ ಕಾರ್ಯಕರ್ತೆಯರು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಪರೀಕ್ಷೆ ಆದ ಗುಂಪಿನಲ್ಲಿ ಕ್ಯಾನ್ಸರ್ ಬಲಿಯುವ ಮೊದಲೇ ಸಿಕ್ಕಿತ್ತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇ. 30ರಷ್ಟು ಕಡಿಮೆ ಆಗಿತ್ತು. ಅದಕ್ಕಿಂತ ಚಿಕ್ಕವರಲ್ಲಿ ಸಾವು ಕಡಿಮೆಯಾದದ್ದು ಸ್ಪಷ್ಟವಾಗಿ ಕಾಣಲಿಲ್ಲ, ಅದನ್ನೂ ಹೇಳಬೇಕು. ಆದರೆ ನಮ್ಮ ಅವ್ವ, ಅತ್ತೆ, ದೊಡ್ಡವ್ವ ಎಲ್ಲ 50 ದಾಟಿದವರೇ. 'ನನಗ ಇನ್ನ ಏನಾಗೂದೈತಿ' ಎಂದು ಹಿಂದೆ ಸರಿಯುವವರೂ ಅವರೇ.

ಕೈ ಪರೀಕ್ಷೆ ಮೊದಲ ಮೆಟ್ಟಿಲು ಮಾತ್ರ. ಗಂಟು ಸಿಕ್ಕಿತು ಅಂದರೆ ಕ್ಯಾನ್ಸರ್ ಅಂತಲ್ಲ. ಹೆಚ್ಚಿನವು ನೀರುಗುಳ್ಳೆ ಅಥವಾ ಅಪಾಯವಿಲ್ಲದ ಗಡ್ಡೆ. ಆದರೆ ಯಾವುದು ಯಾವುದು ಅಂತ ಮುಟ್ಟಿ ಖಚಿತವಾಗಿ ಹೇಳಲು ಯಾರಿಗೂ ಆಗುವುದಿಲ್ಲ. ಅದಕ್ಕೆ ಇನ್ನೆರಡು ಮೆಟ್ಟಿಲು ಹತ್ತಬೇಕು.

ಎರಡನೆಯದು ಚಿತ್ರ. ಮ್ಯಾಮೋಗ್ರಾಮ್ ಎಂದರೆ ಸ್ತನವನ್ನು ಎರಡು ತಟ್ಟೆಗಳ ನಡುವೆ ಒತ್ತಿ ತೆಗೆಯುವ ಎಕ್ಸ್‌ರೇ. ಕೆಲವು ಕ್ಷಣ ಬಿಗಿಯಾಗುತ್ತದೆ, ಅಷ್ಟೇ. ವಯಸ್ಸು ಚಿಕ್ಕದಿದ್ದರೆ ಸ್ತನದ ಮಾಂಸ ದಟ್ಟವಾಗಿದ್ದು ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ, ಗಂಟೂ ಬೆಳ್ಳಗೇ ಕಾಣುತ್ತದೆ. ಹತ್ತಿ ರಾಶಿಯಲ್ಲಿ ಬಿಳಿ ಗುಂಡಿ ಹುಡುಕಿದ ಹಾಗೆ. ಅದಕ್ಕೇ ಚಿಕ್ಕವರಿಗೆ ಮೊದಲು ಸ್ಕ್ಯಾನಿಂಗ್ ಮಾಡುತ್ತಾರೆ, ಬಸುರಿಯರಿಗೆ ಮಾಡುವಂಥದ್ದೇ. ಗಂಟಿನೊಳಗೆ ನೀರಿದೆಯೋ, ಗಟ್ಟಿ ಇದೆಯೋ ಅದರಲ್ಲಿ ತಿಳಿಯುತ್ತದೆ.

ಮೂರನೆಯದು ಸೂಜಿ ಪರೀಕ್ಷೆ. ಜಾಗ ಮರಗಟ್ಟಿಸಿ, ಸ್ವಲ್ಪ ದಪ್ಪ ಸೂಜಿಯಿಂದ ಗಂಟಿನ ಎಳೆಯಷ್ಟು ಮಾಂಸ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಇದೇ ಬಯಾಪ್ಸಿ. ಕ್ಯಾನ್ಸರ್ ಹೌದೋ ಅಲ್ಲವೋ, ಹೌದಾದರೆ ಯಾವ ಬಗೆಯದು, ಯಾವ ಔಷಧ ನಾಟುತ್ತದೆ ಎಂದು ಹೇಳುವುದು ಈ ರಿಪೋರ್ಟ್. 'ಸೂಜಿ ಚುಚ್ಚಿದರೆ ಕ್ಯಾನ್ಸರ್ ಮೈಗೆಲ್ಲ ಹರಡುತ್ತದೆ' ಎಂಬ ಮಾತು ನಮ್ಮ ಊರುಗಳಲ್ಲಿ ಗಟ್ಟಿಯಾಗಿ ಕೂತಿದೆ. ಅದು ಸುಳ್ಳು. ಆ ಹೆದರಿಕೆಯಿಂದ ಮನೆಯಲ್ಲೇ ಕಳೆದ ತಿಂಗಳುಗಳಲ್ಲಿ ಕ್ಯಾನ್ಸರ್ ತಾನಾಗಿಯೇ ಹರಡುತ್ತದೆ.

ನಮ್ಮಲ್ಲೊಬ್ಬರ ಚಿಗವ್ವನಿಗೆ ಬಿತ್ತನೆ ಹೊತ್ತಿಗೆ ಗಂಟು ಕೈಗೆ ಸಿಕ್ಕಿತ್ತು. ನೋವಿಲ್ಲ ಅಂತ ಸುಗ್ಗಿವರೆಗೆ ಸುಮ್ಮನಿದ್ದರು. ಆಮೇಲೆ ಒಂದು ನರ್ಸಿಂಗ್ ಹೋಮಿನಲ್ಲಿ ಸೂಜಿ ಪರೀಕ್ಷೆಯನ್ನೇ ಮಾಡದೆ ನೇರ ಕೊಯ್ದು ತೆಗೆದರು. ತೆಗೆದ ಗಂಟು ಎಲ್ಲಿಗೆ ಹೋಯಿತು ಎಂದು ಮನೆಯವರು ಕೇಳಲಿಲ್ಲ, ಅವರೂ ಹೇಳಲಿಲ್ಲ. ರಿಪೋರ್ಟೇ ಇಲ್ಲ. ವರ್ಷದೊಳಗೆ ಪಕ್ಕದಲ್ಲೇ ಮತ್ತೊಂದು ಗಂಟು ಎದ್ದಿತು. ಈಗ ಹುಬ್ಬಳ್ಳಿಗೆ ಓಡಾಡುತ್ತಿದ್ದಾರೆ. ಓದಿದವರು ನಾವೇ ಮನೆಯಲ್ಲಿದ್ದೆವು. ಒಂದು ಮಾತು ಕೇಳಲು ನಮಗೂ ತೋಚಲಿಲ್ಲ.

ಚಿಕಿತ್ಸೆಗೆ ಯೋಜನೆ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ಆದರೆ ಕ್ಯಾನ್ಸರ್ ಚಿಕಿತ್ಸೆ ಶುರುವಾಗಬೇಕಾದರೆ ಮೊದಲು ರಿಪೋರ್ಟ್ ಕೈಯಲ್ಲಿರಬೇಕು. ನಮ್ಮ ಹೆಂಗಸರು ದಾರಿ ತಪ್ಪುವುದು ಉಪಕೇಂದ್ರದಿಂದ ರಿಪೋರ್ಟಿನವರೆಗಿನ ಆ ನಡುವಿನ ದಾರಿಯಲ್ಲಿ. ಒಂದು ದಿನ ಚೀಟಿಗೆ, ಇನ್ನೊಂದು ದಿನ ಸ್ಕ್ಯಾನಿಂಗಿಗೆ, ಮತ್ತೊಂದು ದಿನ ಸೂಜಿಗೆ, ಮಗದೊಂದು ದಿನ ರಿಪೋರ್ಟಿಗೆ. ಪ್ರತಿ ದಿನವೂ ಒಂದು ಕೂಲಿ ಹೋಯಿತು, ಜೊತೆಗೆ ಬಂದವರ ಕೂಲಿಯೂ ಹೋಯಿತು. ಮೂರನೇ ಸಲಕ್ಕೆ 'ಹೋಗಲಿ ಬಿಡು' ಅನ್ನುತ್ತಾರೆ.

ಆದ್ದರಿಂದ ನಾವು ಕೇಳುವುದು ದೊಡ್ಡದೇನಲ್ಲ. ಉಪಕೇಂದ್ರದಲ್ಲಿ ಬಾಗಿಲು ಹಾಕುವಂಥ ಒಂದು ಕೋಣೆ, ವಾರಕ್ಕೊಂದು ದಿನ ಹೆಂಗಸರ ತಪಾಸಣೆಗೇ ಮೀಸಲು. ಗಂಟು ಸಿಕ್ಕವರಿಗೆ ಜಿಲ್ಲಾ ಆಸ್ಪತ್ರೆಯಲ್ಲಿ ಒಂದೇ ದಿನ ಸ್ಕ್ಯಾನಿಂಗ್ ಮತ್ತು ಸೂಜಿ ಪರೀಕ್ಷೆ. ರಿಪೋರ್ಟ್ ಬಂದಾಗ ಆಶಾ ಕಾರ್ಯಕರ್ತೆಯ ಮೂಲಕ ಮನೆಗೆ ಸುದ್ದಿ. ಎಷ್ಟು ಫಾರಂ ತುಂಬಿದಿರಿ ಎಂದು ಲೆಕ್ಕ ಕೇಳುವ ಮೇಲಿನವರು, ಗಂಟು ಸಿಕ್ಕವರಲ್ಲಿ ಎಷ್ಟು ಜನ ರಿಪೋರ್ಟ್ ತಲುಪಿದರು ಎಂದು ಕೇಳಲಿ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಎತ್ತಬಹುದು, ಎತ್ತೋಣ.

ಮನೆಯ ಗಂಡಸರಿಗೂ ಒಂದು ಮಾತು. ಆಶಾ ಕಾರ್ಯಕರ್ತೆ ಬಂದಾಗ ಕಟ್ಟೆ ಬಿಟ್ಟು ಎದ್ದು ಹೋಗಿ. ಆಸ್ಪತ್ರೆಗೆ ಹೋಗಬೇಕಾದ ದಿನ ಬೈಕ್ ತೆಗೆಯಿರಿ.

ಅಕ್ಕಂದಿರೇ, ಗಂಟು ಸಿಕ್ಕರೆ, ಮೊಲೆತೊಟ್ಟಿನಿಂದ ರಕ್ತ ಬಂದರೆ, ತೊಟ್ಟು ಒಳಗೆ ಸೇದಿಕೊಂಡರೆ, ಚರ್ಮ ಕಿತ್ತಳೆ ಸಿಪ್ಪೆಯಂತೆ ಆದರೆ ಸುಗ್ಗಿ ಕಾಯಬೇಡಿ. ಯಾರಾದರೂ ನೇರ ಕೊಯ್ಯೋಣ ಅಂದರೆ ಎರಡು ಪ್ರಶ್ನೆ ಕೇಳಿ: "ಸೂಜಿ ಪರೀಕ್ಷೆ ಆಯ್ತೇನ್ರೀ? ರಿಪೋರ್ಟ್ ಎಲ್ಲೈತ್ರೀ?"

ಚಿಗವ್ವನ ಹೊತ್ತಿಗೆ ನಾವು ಕೇಳಬೇಕಿದ್ದ ಪ್ರಶ್ನೆಗಳು ಇವೇ.