ನೀರಿನ ಮೇಲಿನ ತೆರಬಂಡಿ

ಎಂಜಿನುಗಳ ಪಂದ್ಯವೆಂದರೆ ಹಣವುಳ್ಳವರ ಹುಡುಗಾಟ, ಅದರಿಂದ ಲೋಕಕ್ಕೆ ಕವಡೆಯ ಲಾಭವೂ ಇಲ್ಲ ಎಂಬ ನಂಬಿಕೆ ನಮ್ಮ ವಿದ್ಯಾವಂತರಲ್ಲಿ ಬಲವಾಗಿದೆ. ಎಲ್ಲ ಪಂದ್ಯಗಳ ಪರವಾಗಿ ವಕಾಲತ್ತು ವಹಿಸುವ ಉದ್ದೇಶ ನನಗಿಲ್ಲ. ಆದರೆ ಒಂದು ಪಂದ್ಯದ ಕಥೆಯನ್ನು ಮಾತ್ರ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಜನ ತಿಳಿದಿರಬೇಕೆಂದು ನನ್ನ ಅಭಿಪ್ರಾಯ. ಅದು ಔಟ್‌ಬೋರ್ಡ್ ದೋಣಿಗಳ ಪಂದ್ಯ. 2019ರ ಆಗಸ್ಟಿನಲ್ಲಿ ಕೃಷ್ಣೆ ಘಟಪ್ರಭೆಗಳೆರಡೂ ದಡಮೀರಿ ಹಳ್ಳಿಗಳನ್ನು ಸುತ್ತುವರಿದಾಗ ಸೇನೆಯವರೂ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯವರೂ ರಬ್ಬರು ದೋಣಿಗಳನ್ನು ತಂದರಷ್ಟೆ. ಆ ದೋಣಿಗಳ ಬೆನ್ನಿಗೆ ಸಿಕ್ಕಿಸಿದ್ದ ಯಂತ್ರದ ವಂಶಾವಳಿಯನ್ನು ಹುಡುಕುತ್ತ ಹೋದರೆ ನಾವು ತಲಪುವುದು ಪಂದ್ಯದ ಕೆರೆಗಳಿಗೆ.

ಔಟ್‌ಬೋರ್ಡ್ ಮೋಟಾರೆಂದರೆ ದೋಣಿಯ ಹೊಟ್ಟೆಯಲ್ಲಿ ಕೂರದೆ ಅದರ ಹಿಂಬದಿಯ ಹಲಗೆಗೆ ಹೊರಗಿನಿಂದ ಬಿಗಿದ ಎಂಜಿನು. ಮೇಲೆ ಎಂಜಿನು, ನಡುವೆ ನಿಲುವಾದ ಒಂದು ದಂಡ, ಕೆಳಗೆ ನೀರಿನಲ್ಲಿ ತಿರುಗುವ ಪ್ರೊಪೆಲ್ಲರು. ಬೇಕಾದಾಗ ಬಿಚ್ಚಿ ಹೆಗಲ ಮೇಲೆ ಹೊರಬಹುದು, ತಳಕ್ಕೆ ಕಲ್ಲು ತಗುಲಿದರೆ ಇಡೀ ಯಂತ್ರ ಹಿಂದಕ್ಕೆ ಮಗುಚಿ ಮೇಲೇಳುತ್ತದೆ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ನೆಲೆನಿಂತ ಓಲೆ ಎವಿನ್‌ರೂಡ್ 1909ರಲ್ಲಿ ಮಾರಾಟಕ್ಕಿಟ್ಟ ಮೋಟಾರು ಒಂದೂವರೆ ಅಶ್ವಶಕ್ತಿಯದು. ಅದರ ತೂಕ ಸುಮಾರು 28 ಕಿಲೋಗ್ರಾಂ. ಹನ್ನೆರಡು ವರ್ಷಗಳ ನಂತರ ಅವನೇ ಅಲ್ಯೂಮಿನಿಯಂ ಬಳಸಿ ತಯಾರಿಸಿದ ‘ಎಲ್ಟೊ’ ಅದಕ್ಕಿಂತ ಹಗುರವಾಗಿದ್ದು ಅದರ ಎರಡರಷ್ಟು ಶಕ್ತಿಯುಳ್ಳದ್ದಾಗಿತ್ತು. ತೂಕ ಇಳಿಯಬೇಕು, ಶಕ್ತಿ ಏರಬೇಕು: ಈ ಯಂತ್ರದ ಇಡೀ ಚರಿತ್ರೆ ಈ ಎರಡು ಮಾತುಗಳಲ್ಲಿ ಅಡಗಿದೆ.

ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಸುಮಾರು ಇಪ್ಪತ್ತು ವರ್ಷಗಳನ್ನು ಈ ಪಂದ್ಯಗಳ ಸುವರ್ಣಯುಗವೆಂದು ಕಂಡವರು ಇಂದಿಗೂ ನೆನೆಯುತ್ತಾರೆ. ಅವರ ನೆನಪುಗಳಲ್ಲಿ ನನಗೆ ಹಿಡಿಸಿದ ಅಂಶವೆಂದರೆ ಆ ಪಂದ್ಯಗಾರರಲ್ಲಿ ಬಹುಮಂದಿ ಸಾಮಾನ್ಯ ಜನರಾಗಿದ್ದದ್ದು. ಅಂಗಡಿಯಲ್ಲಿ ಕೊಂಡ ಮೋಟಾರನ್ನು ಕಾರಿನ ಹಿಂದೆ ಹೇರಿಕೊಂಡು ಬಂದು, ಮನೆಯ ಹಿತ್ತಿಲಲ್ಲಿ ಪ್ಲೈವುಡ್ಡಿನಿಂದ ತಾವೇ ಕಟ್ಟಿದ ದೋಣಿಗೆ ಬಿಗಿದು ಸ್ಪರ್ಧಿಸುವ ವರ್ಗವೊಂದು ಅಲ್ಲಿತ್ತು. ಶನಿವಾರ ಎಂಜಿನು ಬಿಚ್ಚಿ, ಭಾನುವಾರ ಓಡಿಸಿ, ಸೋಮವಾರ ಕೆಲಸಕ್ಕೆ ಹೋಗುವ ಜನ. ಹಾಗೆ ಸಾವಿರಾರು ಕೈಗಳು ಬಿಚ್ಚಿ ಜೋಡಿಸಿದ ಯಂತ್ರದ ದೋಷಗಳು ಯಾವ ಕಾರ್ಖಾನೆಯ ಗೋಡೆಯ ಹಿಂದೆಯೂ ಅಡಗಿರಲಾರವು.

ಕಾರ್ಖಾನೆಗಳೂ ಸುಮ್ಮನಿರಲಿಲ್ಲ. ಮರ್ಕ್ಯುರಿ ಮೋಟಾರುಗಳ ಒಡೆಯ ಕಾರ್ಲ್ ಕೀಕ್‌ಹಾಫರ್ 1957ರಲ್ಲಿ ಫ್ಲಾರಿಡಾದ ಒಂದು ಗುಟ್ಟಿನ ಕೆರೆಯಲ್ಲಿ ತನ್ನ ಮೋಟಾರುಗಳನ್ನು ಹಗಲಿರುಳು ಓಡಿಸಿ 25,000 ಮೈಲಿಗಳನ್ನು ದಾಟಿಸಿದನು. ಭೂಮಿಯ ಸುತ್ತಳತೆಯಷ್ಟು ದೂರವದು. ಎಣ್ಣೆ ತುಂಬಿದ್ದು ಕೂಡ ಓಡುತ್ತಿದ್ದಾಗಲೇ. ಪ್ಯಾರಿಸ್ಸಿನಲ್ಲಿ 1955ರಿಂದ ಸೇನ್ ನದಿಯ ಮೇಲೆ ಆರು ಗಂಟೆಗಳ ಪಂದ್ಯ ಆರಂಭವಾಯಿತು. ಆರು ಗಂಟೆ ಸತತವಾಗಿ ಓಡುವಾಗ ಗೆಲ್ಲುವುದು ವೇಗಶಾಲಿಯಲ್ಲ, ಕೆಡದೆ ಉಳಿದವನು.

ವೇಗದ ಲೆಕ್ಕವೂ ಸ್ವಾರಸ್ಯವಾದದ್ದೇ. ಸಿಯಾಟಲ್ ನಗರದ ಹ್ಯೂಬರ್ಟ್ ಎಂಟ್ರಾಪ್ 1958ರಲ್ಲಿ ಗಂಟೆಗೆ 107 ಮೈಲಿಗೂ ಮೀರಿದ, 1960ರಲ್ಲಿ ಸುಮಾರು 123 ಮೈಲಿಯ ದಾಖಲೆಗಳನ್ನು ಸ್ಥಾಪಿಸಿದನು. ದೋಣಿ ಅಷ್ಟು ವೇಗ ಪಡೆದಾಗ ನೀರಿಗಿಂತ ಗಾಳಿಯೇ ದೊಡ್ಡ ಶತ್ರು. ಅದು ಮೂತಿಯ ಕೆಳಗೆ ನುಗ್ಗಿ ದೋಣಿಯನ್ನು ಹಿಮ್ಮೊಗವಾಗಿ ಮಗುಚಿಬಿಡುತ್ತದೆ. ಎಂಟ್ರಾಪ್ ಹಿಂದೆ ಕೂರುತ್ತಿದ್ದ ಚಾಲಕನನ್ನು ಮುಂದಕ್ಕೆ ತಂದು ಕೂರಿಸಿದನು. ಮಾಡಿದ್ದಿಷ್ಟೆ: ಒಂದು ಮನುಷ್ಯಭಾರವನ್ನು ತಿರುಗುಬಿಂದುವಿನ ಆಚೆಯಿಂದ ಈಚೆಗೆ ಸರಿಸಿದ್ದು. ಚಾಲಕನ ಹಿಡಿತ ತಪ್ಪಿದೊಡನೆ ಎಂಜಿನಿನ ವೇಗ ತಾನಾಗಿ ಕುಗ್ಗುವಂಥ ಸ್ಪ್ರಿಂಗಿನ ಹಿಡಿಯೂ ಪಂದ್ಯದ ದೋಣಿಗಳಲ್ಲಿ ರೂಢಿಗೆ ಬಂದಿತು. ಇಂದು ರಕ್ಷಣಾ ದೋಣಿಯ ಚಾಲಕ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಕೆಂಪು ಹುರಿ, ಅವನು ನೀರಿಗೆ ಬಿದ್ದರೆ ಎಂಜಿನನ್ನು ನಿಲ್ಲಿಸುವ ಹುರಿ, ಆ ಹಿಡಿಯ ಹತ್ತಿರದ ಬಂಧು. ಇಂಥ ಉಪಾಯಗಳ ಹಿಂದೆ ಸತ್ತವರ ಲೆಕ್ಕವೂ ಇದೆ ಎಂಬುದನ್ನು ಮರೆಯುವಂತಿಲ್ಲ.

ಎಂಟ್ರಾಪ್ 1960ರ ದಾಖಲೆ ಸ್ಥಾಪಿಸಿದ್ದು ಹವಾಸು ಸರೋವರದಲ್ಲಿ. ಅದು ದೇವರು ಕೊಟ್ಟ ಸರೋವರವಲ್ಲ. ಕೊಲರಾಡೊ ನದಿಗೆ ಪಾರ್ಕರ್ ಅಣೆಕಟ್ಟು ಕಟ್ಟಿದಾಗ ನಿಂತ ಹಿನ್ನೀರು. ಮೋಟಾರು ತಯಾರಕ ರಾಬರ್ಟ್ ಮೆಕಲಕ್ ಯಂತ್ರಗಳ ಪರೀಕ್ಷೆಗೆಂದು ಆ ಮರುಭೂಮಿಯ ದಂಡೆಯನ್ನು ಆರಿಸಿಕೊಂಡನು. ಆಮೇಲೆ ಅಲ್ಲೊಂದು ಊರೇ ಎದ್ದಿತು. 1964ರಿಂದ ಔಟ್‌ಬೋರ್ಡ್ ವಿಶ್ವಪಂದ್ಯಗಳು ಅಲ್ಲಿ ನಡೆದವು. ಹಿನ್ನೀರೆಂದೊಡನೆ ನಮ್ಮ ಕಡೆಯವರ ಕಿವಿ ನಿಮಿರಬೇಕು. ಆಲಮಟ್ಟಿಯ ಹಿನ್ನೀರು ಬೀಳಗಿ ತಾಲ್ಲೂಕಿನ ಎಷ್ಟು ಹೊಲಮನೆಗಳನ್ನು ನುಂಗಿ ನಿಂತಿದೆ ಎಂಬುದನ್ನು ಅವರಿಗೆ ಬೇರೆಯವರು ಹೇಳಬೇಕಾಗಿಲ್ಲ.

ನಮ್ಮ ಕೃಷ್ಣೆಯೂ ಈ ಪಂದ್ಯವನ್ನು ಕಂಡಿದ್ದಾಳೆ. 2018ರ ನವೆಂಬರಿನಲ್ಲಿ ಆಂಧ್ರದ ಅಮರಾವತಿಯ ಹೆಸರಿನಲ್ಲಿ, ವಿಜಯವಾಡದ ಬಳಿ, ಫಾರ್ಮುಲಾ ಒನ್ ದೋಣಿಗಳ ಪಂದ್ಯ ನಡೆಯಿತು. ಸುಮಾರು 400 ಅಶ್ವಶಕ್ತಿಯ ಔಟ್‌ಬೋರ್ಡ್ ಮೋಟಾರುಗಳು, ಗಂಟೆಗೆ 200 ಕಿಲೋಮೀಟರಿಗೂ ಮೀರಿದ ವೇಗ. ಒಂಬತ್ತು ತಿಂಗಳು ಕಳೆಯುವಷ್ಟರಲ್ಲಿ ಅದೇ ನದಿಯ ಮೇಲ್ಭಾಗದಲ್ಲಿ, ಜಮಖಂಡಿಯ ಸೀಮೆಯಲ್ಲಿ, ಜನ ಇನ್ನೊಂದು ಬಗೆಯ ಔಟ್‌ಬೋರ್ಡ್ ದೋಣಿಯ ದಾರಿ ಕಾಯುತ್ತ ಕುಳಿತಿದ್ದರು. ಕರ್ನಾಟಕದ ಹೊಣೆ ಹೊತ್ತ ವಿಪತ್ತು ಪಡೆಯ ಹತ್ತನೆಯ ಬಟಾಲಿಯನ್ನಿನ ಮೂಲನೆಲೆ ಇರುವುದೂ ಆಂಧ್ರದಲ್ಲಿಯೇ. ಬಂದವರ ಧೈರ್ಯವನ್ನು ನಾನು ಹಳಿಯುವುದಿಲ್ಲ, ಅವರಿಂದ ಅನೇಕ ಪ್ರಾಣಗಳು ಉಳಿದವು. ನಾನು ಕೇಳುವುದಿಷ್ಟೆ: 2005, 2009, 2019, 2021, ಹೀಗೆ ಮೇಲಿಂದ ಮೇಲೆ ಪ್ರವಾಹ ಕಂಡ ಸೀಮೆಗೆ ದೋಣಿ ಏಕೆ ಲಾರಿಯ ಮೇಲೆ ಬರಬೇಕು? ಅದನ್ನು ನಡೆಸುವವನು ಏಕೆ ಈ ನದಿಯನ್ನು ಮೊದಲ ಬಾರಿ ಕಾಣುವವನಾಗಿರಬೇಕು?

ಈ ಎರಡನೆಯ ಪ್ರಶ್ನೆ ಭೌತಶಾಸ್ತ್ರಕ್ಕೆ ಸೇರಿದ್ದು. ನೀರನ್ನು ಸೀಳಿಕೊಂಡು ಹೋಗುವ ದೋಣಿ ತನ್ನ ಮುಂದೆ ಒಂದು ಅಲೆಯನ್ನು ಎಬ್ಬಿಸುತ್ತದೆ. ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮನಾದಾಗ ದೋಣಿ ತಾನೇ ತೋಡಿದ ಹಳ್ಳದಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಎಷ್ಟು ಶಕ್ತಿ ಸುರಿದರೂ ವೇಗ ಏರುವುದು ಅತ್ಯಲ್ಪ. ನಾಲ್ಕು ಮೀಟರ್ ಉದ್ದದ ದೋಣಿಗೆ ಈ ಮೇರೆ ಸೆಕೆಂಡಿಗೆ ಸುಮಾರು ಎರಡೂವರೆ ಮೀಟರ್, ಎಂದರೆ ಗಂಟೆಗೆ ಒಂಬತ್ತು ಕಿಲೋಮೀಟರ್. ಪಂದ್ಯಗಾರರು ಗೆದ್ದದ್ದು ಈ ಮೇರೆಯನ್ನೇ. ತಳವನ್ನು ಚಪ್ಪಟೆಮಾಡಿ, ತೂಕವಿಳಿಸಿ, ಶಕ್ತಿಯೇರಿಸಿ ದೋಣಿಯನ್ನು ನೀರಿನ ಮೇಲೆಯೇ ಜಾರುವಂತೆ ಮಾಡಿದರು. ಆದರೆ ಅದೇ ದೋಣಿಯಲ್ಲಿ ಹತ್ತು ಮಂದಿಯನ್ನು ಕೂರಿಸಿರಿ, ಅದು ಮತ್ತೆ ಹಳ್ಳಕ್ಕೆ ಇಳಿಯುತ್ತದೆ. ತುಂಬಿದ ದೊಡ್ಡ ನದಿಯ ನಡುಹರಿವು ಸೆಕೆಂಡಿಗೆ ಎರಡು ಮೂರು ಮೀಟರ್ ಇರುವುದು ಅಸಾಧಾರಣವಲ್ಲ. ಎಂದ ಮೇಲೆ ಜನತುಂಬಿದ ದೋಣಿ ಪ್ರವಾಹದ ಎದುರು ಮೊರೆಯುತ್ತ ನಿಂತಲ್ಲೇ ನಿಲ್ಲುವುದು ಎಂಜಿನಿನ ದೋಷವಲ್ಲ, ಲೆಕ್ಕವೇ ಹಾಗಿದೆ.

ಇದಕ್ಕೆ ಮದ್ದು ಎರಡು. ಒಂದು, ಪ್ರೊಪೆಲ್ಲರಿನ ಅಲಗಿನ ಓರೆಯನ್ನು ಭಾರಕ್ಕೆ ತಕ್ಕಂತೆ ಆರಿಸುವುದು. ವೇಗಕ್ಕೆ ಹೆಚ್ಚು ಓರೆ, ಭಾರಕ್ಕೆ ಕಡಿಮೆ ಓರೆ. ಟ್ರ್ಯಾಕ್ಟರನ್ನು ಕೆಸರಿನಲ್ಲಿ ಮೊದಲ ಗೇರಿಗೆ ಹಾಕಿದಂತೆಯೇ ಇದು. ಒಂದೇ ಮೋಟಾರಿಗೆ ಹತ್ತು ಬಗೆಯ ಪ್ರೊಪೆಲ್ಲರು ತೊಡಿಸಿ ನೋಡುವ ಅಭ್ಯಾಸವನ್ನು ಬೆಳೆಸಿದವರೂ ಪಂದ್ಯಗಾರರೇ. ಎರಡನೆಯದು, ಹರಿವಿನ ಎದುರು ನುಗ್ಗದೆ ಅದನ್ನು ಉಪಾಯದಿಂದ ದಾಟುವುದು. ಪಿ.ಯು. ತರಗತಿಯ ಪುಸ್ತಕದಲ್ಲಿ ನದಿ ದಾಟುವ ದೋಣಿಯ ಲೆಕ್ಕ ತಪ್ಪದೆ ಇರುತ್ತದೆ: ಮೂತಿಯನ್ನು ಮೇಲ್ಹರಿವಿನ ಕಡೆಗೆ ಓರೆಯಾಗಿ ಹಿಡಿದರೆ ಎರಡು ವೇಗಗಳು ಕೂಡಿ ದೋಣಿ ನೇರವಾಗಿ ಆಚೆಯ ದಡ ಸೇರುತ್ತದೆ. ಸದಿಶಗಳ ಹೆಸರನ್ನೇ ಕೇಳದ ನಮ್ಮ ಅಂಬಿಗರು ಈ ಲೆಕ್ಕವನ್ನು ಹುಟ್ಟುಗೋಲಿನಿಂದ ಬಿಡಿಸುತ್ತ ಬಂದವರು. ರಬಕವಿಗೂ ಮಹಿಷವಾಡಗಿಗೂ ನಡುವೆ ಬಹುಕಾಲ ದೋಣಿಯೇ ದಾರಿಯಾಗಿತ್ತು. ಎಲ್ಲಿ ಸುಳಿ, ಎಲ್ಲಿ ದಡದ ಮರೆಯಲ್ಲಿ ನೀರು ಹಿಂದಕ್ಕೆ ತಿರುಗುತ್ತದೆ, ಯಾವ ಜಾಲಿಯ ಬೇಲಿ ನೀರಿನೊಳಗೆ ಮುಳುಗಿದೆ ಎಂಬ ಅರಿವು ಅವರದು. ಮೋಟಾರು ಹೊರಗಿನವರಲ್ಲಿ, ನೀರಿನ ಅರಿವು ಇಲ್ಲಿಯವರಲ್ಲಿ. ಎರಡೂ ಒಂದೇ ಕೈಯಲ್ಲಿ ಕೂಡದಿರುವುದೇ ನಮ್ಮ ದೊಡ್ಡ ಕೊರತೆ.

ಕೂಡಿಸುವ ಬಗೆಯೂ ನಮ್ಮ ಜಾತ್ರೆಗಳಲ್ಲಿಯೇ ಇದೆ. ಈ ಸೀಮೆಯ ತೆರಬಂಡಿಯ ಸ್ಪರ್ಧೆಯನ್ನು ಕಾಣದ ವಾಚಕರಿಗಾಗಿ ಹೇಳುತ್ತೇನೆ: ಅದು ಓಟದ ಆಟವಲ್ಲ, ಎಳೆತದ ಆಟ. ಭಾರವಾದ ಬಂಡಿಯನ್ನು ಎತ್ತುಗಳು ಗೊತ್ತಾದ ವೇಳೆಯಲ್ಲಿ ಎಷ್ಟು ದೂರ ಎಳೆದವೆಂಬುದೇ ಗೆಲುವಿನ ಅಳತೆ. ನೀರಿನ ಮೇಲೂ ಅಂಥದೇ ಸ್ಪರ್ಧೆಯೊಂದು ವರ್ಷಕ್ಕೊಮ್ಮೆ ನಡೆಯಲಿ. ಆರು ಕ್ವಿಂಟಲ್ ಮರಳಿನ ಚೀಲಗಳನ್ನು ಹೇರಿಕೊಂಡು ಹರಿವಿನ ಎದುರು ಸಾಗಬೇಕು. ಚೀಲಗಳನ್ನು ಎಲ್ಲಿಡಬೇಕೆಂಬುದನ್ನು, ಎಂಟ್ರಾಪನಂತೆ, ಚಾಲಕನೇ ತೀರ್ಮಾನಿಸಬೇಕು. ನೆಟ್ಟ ಕಂಬವನ್ನು ತಾಕದೆ ಅದರ ಪಕ್ಕದಲ್ಲಿ ಎರಡು ನಿಮಿಷ ನಿಲ್ಲಬೇಕು, ಏಕೆಂದರೆ ಮಾಳಿಗೆಯ ಮೇಲಿನ ಮುದುಕಿಯನ್ನು ಇಳಿಸಿಕೊಳ್ಳಲು ಅಷ್ಟು ಹೊತ್ತು ಬೇಕು. ಪ್ರೊಪೆಲ್ಲರಿಗೆ ಕಬ್ಬಿನ ರವದಿ ಸುತ್ತಿಕೊಂಡಾಗ ಬಿಡಿಸಬೇಕು. ಮುಳುಗಿದ ಕಬ್ಬಿನ ಹೊಲಗಳ ಮೇಲೆ ಹಾಯುವ ದೋಣಿಗೆ ಇದಕ್ಕಿಂತ ನಿಜವಾದ ಪರೀಕ್ಷೆಯಿಲ್ಲ. ಉರಿದ ಪೆಟ್ರೋಲನ್ನು ಅಳೆದು, ಲೀಟರಿಗೆ ಎಷ್ಟು ಭಾರ ಎಷ್ಟು ದೂರ ಸಾಗಿತೆಂದು ಅಂಕ ಕೊಡಬೇಕು. ತೀರ್ಪುಗಾರರಲ್ಲಿ ಅಂಬಿಗರು ಇರಲೇಬೇಕು.

ವೇಗದ ಪಂದ್ಯ ಬೇಡ. ಸುವರ್ಣಯುಗವನ್ನು ಕೊನೆಗೆ ಕೆಡಿಸಿದ್ದು ವೇಗದ ಹಟವೇ ಎಂದು ನನ್ನ ಎಣಿಕೆ. ಕಾರ್ಖಾನೆಗಳು ತಮ್ಮದೇ ತಂಡಗಳನ್ನು ಇಳಿಸಿದ ಮೇಲೆ ಹಿತ್ತಿಲ ಪ್ಲೈವುಡ್ಡಿನವನಿಗೆ ಅಲ್ಲಿ ಉಳಿಗಾಲವಿರಲಿಲ್ಲ.

ಆಕ್ಷೇಪಗಳು ಬರುತ್ತವೆ. ಹಳೆಯ ಎರಡು ಹೊಡೆತದ ಮೋಟಾರು ಎಣ್ಣೆಯ ಗಣನೀಯ ಭಾಗವನ್ನು ಸುಡದೆಯೇ ನೀರಿಗೆ ಕಕ್ಕುತ್ತದೆ, ನಿಜ. ಕುಡಿಯುವ ನೀರಿನ ನದಿಗೆ ನಾಲ್ಕು ಹೊಡೆತದ್ದನ್ನೇ ತರಬೇಕು. ಚಿಕ್ಕಸಂಗಮದಂಥ ಹಕ್ಕಿಗಳ ತಾಣವನ್ನು ಬಿಟ್ಟು ಬೇರೆಡೆ ನಡೆಸಬೇಕು. ಹಣವೆಲ್ಲಿ ಎನ್ನುವವರು ಚಿಕ್ಕಪಡಸಲಗಿಗೆ ಹೋಗಿ ನೋಡಲಿ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು, ಕೃಷ್ಣೆಗೆ ಬ್ಯಾರೇಜು ಕಟ್ಟಿದ ನೆಲವಿದು. ಹಳ್ಳಿಗೊಂದು ಮೋಟಾರು ಅದರ ಮುಂದೆ ಯಾವ ಲೆಕ್ಕ? ಕುಶಲ ಕೈಗಳಿಗೂ ಬರವಿಲ್ಲ. ಬನಹಟ್ಟಿಯ ವಿದ್ಯುತ್ ಮಗ್ಗಗಳನ್ನು ಬಿಚ್ಚಿ ಜೋಡಿಸುವವರಿಗೆ, ಮುಧೋಳದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವವರಿಗೆ ಈ ಪುಟ್ಟ ಎಂಜಿನು ಒಂದು ವಾರದ ಪಾಠ.

ಕಾಲದ ಪ್ರಶ್ನೆಯೊಂದೇ ನಿಜವಾಗಿ ತೊಡಕಿನದು. ಮೇ ತಿಂಗಳಿನಲ್ಲಿ ನಡೆಸೋಣವೆಂದರೆ ಹೊಳೆಯಲ್ಲಿ ನೀರಿಲ್ಲ. ಮಳೆ ನಿಂತು ನೀರು ತುಂಬಿರುವ ಅಕ್ಟೋಬರಿನಲ್ಲಿ ನಡೆಸಿದರೆ ಮೋಟಾರು ಮುಂದಿನ ಮುಂಗಾರಿನವರೆಗೆ ಮೂಲೆಯಲ್ಲಿ ಕೂರುತ್ತದೆ. ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲು ಅಂಟಾಗುತ್ತದೆ, ತಂಪುನೀರಿನ ಪಂಪಿನ ರಬ್ಬರು ಗಟ್ಟಿಯಾಗುತ್ತದೆ. ಆದಕಾರಣ ಸ್ಪರ್ಧೆ ಅಕ್ಟೋಬರಿನಲ್ಲಿಯೇ ಇರಲಿ, ಆದರೆ ಗೆದ್ದವನ ಬಹುಮಾನದ ಅರ್ಧವನ್ನು ತಡೆಹಿಡಿಯಬೇಕು. ಕಾರಹುಣ್ಣಿಮೆಯ ದಿನ ಊರಿನವರ ಎದುರು ಮೋಟಾರನ್ನು ನೀರಿನ ಪೀಪಾಯಿಯಲ್ಲಿಳಿಸಿ ಹಗ್ಗವೆಳೆದು ತೋರಿಸಲಿ. ಮೂರು ಎಳೆತದೊಳಗೆ ಹೊತ್ತಿಕೊಂಡರೆ ಉಳಿದರ್ಧ ಅವನದು.